ಬಿಚ್ಚುವ ವರ್ಷ ಬರೆದ ಬೇಲಿ

ಹಾಸನದ ಸಾಲಗಾಮೆ ರಸ್ತೆಯ ಆಚೀಚೆಯ ಬಡಾವಣೆಗಳಲ್ಲಿ ನಡೆಯುವಾಗ ಮರದ ನೆತ್ತಿ ಬಿಟ್ಟು ಬುಡ ನೋಡಿ. ಎಂದೋ ಒಂದು ವನಮಹೋತ್ಸವದಲ್ಲಿ ಯಾರೋ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಕಬ್ಬಿಣದ ಟ್ರೀ ಗಾರ್ಡ್ ಹಾಕಿ ಹೋಗಿದ್ದಾರೆ. ಸಸಿ ಹೇಗೋ ಬದುಕಿ ಮರವಾಗಿದೆ. ಗಾರ್ಡ್ ಮಾತ್ರ ಅಂದು ಎಷ್ಟು ಅಗಲವಿತ್ತೋ ಇಂದೂ ಅಷ್ಟೇ. ಅದರ ಪಟ್ಟಿಗಳು ಈಗ ಕಾಂಡದೊಳಗೆ ಹೂತಿವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ನಮ್ಮ ಬಡಾವಣೆಯ ವೃಕ್ಷ ಸಮಿತಿ ಹುಟ್ಟಿದ್ದು ಸಸಿ ನೆಡಲೆಂದೇ. ನೋಂದಣಿ, ಲೆಟರ್‌ಹೆಡ್ ಯಾವುದೂ ಇಲ್ಲದ ಗುಂಪು ಇದು: ಐಟಿಐಯಿಂದ ನಿವೃತ್ತರಾದ ಮೇಷ್ಟ್ರು, ಗ್ರಿಲ್ ಅಂಗಡಿಯ ಮಾಲೀಕರು, ಆಟೊ ಓಡಿಸುವ ಇಬ್ಬರು, ಅಂಗನವಾಡಿ ಕಾರ್ಯಕರ್ತೆಯೊಬ್ಬರು, ಪರೀಕ್ಷೆ ಇಲ್ಲದ ದಿನಗಳಲ್ಲಿ ಬರುವ ಕಾಲೇಜು ಹುಡುಗರು, ಮತ್ತು ಲೆಕ್ಕ ಬರೆಯುವ ನಾನು. ಎಷ್ಟು ಸಸಿ ತರಬೇಕು ಎಂಬ ಚರ್ಚೆ ನಡೆಯುತ್ತಿದ್ದಾಗ ಮೇಷ್ಟ್ರು, "ತರೋಣವಂತೆ. ಮೊದಲು ಬದುಕಿರುವ ಮರಗಳ ಕತ್ತು ಬಿಡಿಸೋಣ" ಎಂದರು. ಕೆಲಸದ ಕ್ರಮ ಅಲ್ಲಿಗೆ ನಿಶ್ಚಯವಾಯಿತು. ಅದರ ದಾಖಲೆ ಇದು. ಇಂಥದ್ದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ಉಪಕರಣ, ಅಳತೆಗಳ ಸಮೇತ ಬರೆದಿದ್ದೇನೆ.

ಪಟ್ಟಿ, ಪತ್ರ

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ರಸ್ತೆವಾರು ಪಟ್ಟಿ ಮಾಡಿದೆವು. ಮರ ಯಾವುದು, ಎದೆಯೆತ್ತರದಲ್ಲಿ ಸುತ್ತಳತೆ ಎಷ್ಟು, ಮೇಲೆ ವಿದ್ಯುತ್ ತಂತಿ ಇದೆಯೇ ಎಂಬ ಮೂರು ಕಲಂ. ನಾಲ್ಕನೆಯದಕ್ಕೆ ಅಂಗನವಾಡಿ ಅಕ್ಕ ಇಟ್ಟ ತಲೆಬರಹ "ಏನು ಹಿಡಿದಿದೆ?" ಗಾರ್ಡ್, ಸಿಮೆಂಟು, ಮೊಳೆ, ತಂತಿ, ಬಂದಳಿಕೆ, ಹೀಗೆ. ಈ ಕಲಂ ಖಾಲಿ ಉಳಿದ ಮರಗಳು ಬೆರಳೆಣಿಕೆಯಷ್ಟು. ಹೊಂಗೆಯೇ ಹೆಚ್ಚು. ನಂತರ ಆಕಾಶಮಲ್ಲಿಗೆ, ನೇರಳೆ, ಸಂಪಿಗೆ, ಅಲ್ಲೊಂದು ಇಲ್ಲೊಂದು ಮಳೆಮರ, ಯಾರೋ ತೋಟದಿಂದ ತಂದು ಮನೆಯ ಮುಂದೆ ನೆಟ್ಟ ಸಿಲ್ವರ್ ಓಕ್.

ಸಾರ್ವಜನಿಕ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ನಾವು ಮರ ಕಡಿಯುತ್ತಿಲ್ಲ, ನಿಜ. ಆದರೂ ಭಾನುವಾರ ಬೆಳಿಗ್ಗೆ ರಸ್ತೆ ಬದಿಯಲ್ಲಿ ಗ್ರೈಂಡರ್ ಸದ್ದು ಕೇಳಿದರೆ ಮಹಡಿಯಿಂದ ಇಳಿದು ಬರುವವರಿಗೆ ಅದು ಗೊತ್ತಿರುವುದಿಲ್ಲ. ಅರಣ್ಯ ಇಲಾಖೆಯ ವಲಯ ಕಚೇರಿಗೂ ನಗರಾಡಳಿತಕ್ಕೂ ಪಟ್ಟಿ ಸಮೇತ ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಅದರ ನಕಲನ್ನು ಆಟೊದಲ್ಲೇ ಇಟ್ಟುಕೊಂಡೆವು. ಬೈಯಲು ಬಂದವರಲ್ಲಿ ಕೆಲವರು ಆ ಹಾಳೆ ಓದಿ, ತಮ್ಮ ಮನೆಯ ಮುಂದಿನ ಗಾರ್ಡನ್ನೂ ಬಿಚ್ಚಿಕೊಡಿ ಎಂದು ಹೆಸರು ಬರೆಸಿದರು.

ಕಬ್ಬಿಣ

ಮೊದಲು ಕೈ ಹಾಕಿದ್ದು ಪಾರ್ಕಿನ ತಿರುವಿನಲ್ಲಿರುವ ಹೊಂಗೆಗೆ. ನಾಲ್ಕು ಆಂಗಲ್ (ಎಲ್ ಆಕಾರದ ಕಬ್ಬಿಣ) ಕಾಲುಗಳು, ಅವುಗಳನ್ನು ಸುತ್ತುವರಿದು ಮೂರು ಪಟ್ಟಿಗಳು. ಕೆಳಗಿನ ಎರಡನ್ನು ಕಾಂಡ ಇನ್ನೂ ಮುಟ್ಟಿರಲಿಲ್ಲ. ಗಾರ್ಡ್ ವಾಲಿಕೊಂಡಿದ್ದರಿಂದ ಮೇಲಿನ ಪಟ್ಟಿ ಕಾಂಡದ ಅರ್ಧ ಸುತ್ತನ್ನು ಕಚ್ಚಿತ್ತು. ಪಟ್ಟಿಯ ಮೇಲ್ಭಾಗದ ತೊಗಟೆ ದಪ್ಪ ತುಟಿಯಾಗಿ ಉಬ್ಬಿ ಕಬ್ಬಿಣದ ಮೇಲೆ ಮಡಚಿಕೊಂಡಿತ್ತು, ಕೆಳಭಾಗ ಮಾತ್ರ ಚಪ್ಪಟೆ. ಉಬ್ಬು ಮೇಲೇ ಏಕೆ ಬರುತ್ತದೆಂದು ಮೇಷ್ಟ್ರು ಹುಡುಗರಿಗೆ ಅಲ್ಲೇ ಪಾಠ ಮಾಡಿದರು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ದಾರಿಯಲ್ಲಿ ಬಿಗಿತ ಬಂದರೆ ಅದು ಬಿಗಿತದ ಮೇಲೆ ನಿಂತುಬಿಡುತ್ತದೆ. ನೀರು ಮೇಲೇರುವುದು ಒಳಗಿನ ಕಟ್ಟಿಗೆಯಲ್ಲಿ, ಆದ್ದರಿಂದ ಎಲೆ ಕೆಲಕಾಲ ಹಸಿರಾಗಿಯೇ ಕಾಣುತ್ತದೆ. ಮೊದಲು ಉಪವಾಸ ಬೀಳುವುದು ಬೇರು. ಮರ ಚೆನ್ನಾಗಿದೆಯಲ್ಲ ಎಂದು ಕೈಬಿಟ್ಟ ಮರಗಳು ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಒಣಗುವುದರ ಹಿಂದೆ ಹಲವು ಸಲ ಇದೇ ಕಥೆ ಇರುತ್ತದೆ.

6 ಎಂಎಂ ಸರಳಿಗೆ ಎರಡು ಅಡಿ ಹಿಡಿಯ ಬೋಲ್ಟ್ ಕಟ್ಟರ್ ಸಾಕು. ಪಟ್ಟಿಗೆ, ಆಂಗಲ್‌ಗೆ ಗ್ರೈಂಡರ್ ಬೇಕೇ ಬೇಕು. ಗ್ರೈಂಡರಿನ ತೊಂದರೆ ಕಿಡಿಗಿಂತ ಶಾಖದ್ದು. ಕಾದ ಕಬ್ಬಿಣ ಮುಟ್ಟಿದ ಕಡೆ ತೊಗಟೆಯ ಕೆಳಗಿನ ಜೀವಂತ ಪದರ ಬೆಂದುಹೋಗುತ್ತದೆ. ಗ್ರಿಲ್ ಅಂಗಡಿಯವರು ಇದಕ್ಕೆ ಒಂದು ಕ್ರಮ ಮಾಡಿಕೊಂಡರು. ಪಟ್ಟಿಗೂ ಕಾಂಡಕ್ಕೂ ನಡುವೆ ನೆನೆಸಿದ ಗೋಣಿಚೀಲ ತುರುಕುವುದು, ಮೂರು ನಾಲ್ಕು ಸೆಕೆಂಡ್ ಕೊಯ್ದು ನಿಲ್ಲಿಸುವುದು, ಚೆಂಬಿನಿಂದ ನೀರು ಬಿಡುವುದು, ಮತ್ತೆ ಕೊಯ್ಯುವುದು. ಬ್ಯಾಟರಿ ಗ್ರೈಂಡರ್ ಆದ್ದರಿಂದ ನೀರಿನ ಪಕ್ಕ ಕರೆಂಟಿನ ವೈರು ಎಳೆಯುವ ಅಪಾಯ ಇರಲಿಲ್ಲ. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಕಾಂಡ ನುಂಗಿಬಿಟ್ಟ ಕಬ್ಬಿಣವನ್ನು ಏನು ಮಾಡುವುದು ಎಂಬುದಕ್ಕೆ ಜಗಳವೇ ಆಯಿತು. ಆಟೊದವರಲ್ಲಿ ಒಬ್ಬರು ಹಾರೆ ಹಾಕಿ ಮೀಟಲು ಸಿದ್ಧರಾಗಿದ್ದರು. "ಒಳಗೆ ಬಿಟ್ಟರೆ ತುಕ್ಕು ಹಿಡಿಯುವುದಿಲ್ಲವೇ ಮೇಷ್ಟ್ರೇ?" ಎಂಬ ಅವರ ಪ್ರಶ್ನೆಯಲ್ಲಿ ಅರ್ಥವಿತ್ತು. ಆದರೆ ಮೀಟಿದರೆ ಸುತ್ತ ಬೆಳೆದ ತೊಗಟೆಯೂ ಕಿತ್ತು ಬರುತ್ತದೆ, ಗಾಯ ಕಬ್ಬಿಣದ ಅಳತೆಗಿಂತ ದೊಡ್ಡದಾಗುತ್ತದೆ. ಕಚ್ಚಿಕೊಂಡ ತುಂಡನ್ನು ಎರಡೂ ಕಡೆ ತೊಗಟೆಯ ಮಟ್ಟಕ್ಕೆ ಕೊಯ್ದು ಒಳಗೇ ಬಿಡುವುದು, ಹೊರಗೆ ಬಿಗಿತ ಉಳಿಯದಂತೆ ನೋಡಿಕೊಳ್ಳುವುದು ಎಂದು ತೀರ್ಮಾನಿಸಿದೆವು. ಮರ ಅದನ್ನು ಮುಚ್ಚಿಕೊಂಡು ಬೆಳೆಯುತ್ತದೆ. ಮುಂದೆ ಎಂದಾದರೂ ಆ ಮರಕ್ಕೆ ಗರಗಸ ಹಾಕುವವರಿಗೆ ತಿಳಿದಿರಲಿ ಎಂದು ನೋಟ್‌ಬುಕ್ಕಿನಲ್ಲಿ ಎತ್ತರ, ದಿಕ್ಕು ಬರೆದಿಟ್ಟಿದ್ದೇವೆ.

ಗಾಯಕ್ಕೆ ಡಾಂಬರು ಬಳಿಯಬೇಕು, ಸೆಗಣಿ ಹಚ್ಚಬೇಕು, ಬಣ್ಣ ಹೊಡೆಯಬೇಕು ಎಂದು ದಾರಿಹೋಕರೆಲ್ಲ ಸಲಹೆ ಕೊಟ್ಟರು. ಏನನ್ನೂ ಹಚ್ಚಲಿಲ್ಲ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಗಾಯವಾದ ಭಾಗಕ್ಕೆ ಒಳಗಿನಿಂದ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ, ಹೊಸ ಕಟ್ಟಿಗೆ ಅದರ ಹೊರಗೆ ಬೆಳೆಯುತ್ತದೆ. ಡಾಂಬರಿನ ಕೆಳಗೆ ತೇವ ನಿಲ್ಲುತ್ತದೆ, ಕೊಳೆಗೆ ಅನುಕೂಲವಾಗುತ್ತದೆ. ಗಾಳಿ ಆಡಲು ಬಿಟ್ಟರೆ ಸಾಕು.

ಮೊಳೆ, ತಂತಿ

ಪಿಜಿ, ಟ್ಯೂಷನ್, ಸೈಟು, ಪೈಲ್ಸ್ ಚಿಕಿತ್ಸೆ: ಮರಕ್ಕೆ ಹೊಡೆಯುವ ಫಲಕಗಳಲ್ಲಿ ಬಡಾವಣೆಯ ಆರ್ಥಿಕತೆಯನ್ನೇ ಓದಬಹುದು. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಅನುಮತಿಯಿಲ್ಲದೆ ಜಾಹೀರಾತು ಹಚ್ಚುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾನೂನಿದೆ. ಮೊಳೆಗೆ ಅದು ಗೊತ್ತಿಲ್ಲ.

ಮೊಳೆ ಕೀಳುವಾಗ ಸುತ್ತಿಗೆಯ ಸೀಳುಬಾಯಿಯನ್ನು ನೇರವಾಗಿ ತೊಗಟೆಗೆ ಆನಿಸಬಾರದು. ಅಂಗೈಯಗಲದ ಹಲಗೆ ತುಂಡು ಇಟ್ಟು ಅದರ ಮೇಲೆ ಮೀಟಬೇಕು. ತಲೆ ಮುರಿದ ಮೊಳೆಯನ್ನು ಇಕ್ಕಳದಿಂದ ತಿರುಗಿಸುತ್ತಾ ಎಳೆದರೆ ಬರುತ್ತದೆ. ಬಾರದಿದ್ದರೆ ಬಿಟ್ಟುಬಿಡಬೇಕು, ಅಗೆಯಬಾರದು. ಇದು ಹುಡುಗರಿಗೆ ಅತ್ಯಂತ ಇಷ್ಟವಾದ ಕೆಲಸ. ಯಾರ ಡಬ್ಬಿಯಲ್ಲಿ ಎಷ್ಟು ಮೊಳೆ ಎಂಬ ಪಂದ್ಯವೇ ನಡೆಯಿತು. ಒಂದು ಮಾವಿನ ಮರದ ಫ್ಲೆಕ್ಸ್ ಬಿಚ್ಚಲು ಏಣಿ ಹತ್ತಿದವನ ಕತ್ತಿಗೆ ಚಗಳಿ ಗೂಡು ತಗುಲಿತು. ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಅದು. ಅವನು ಇಳಿದ ವೇಗ ಹತ್ತಿದ ವೇಗಕ್ಕಿಂತ ಬಹಳ ಹೆಚ್ಚಿತ್ತು. ಸಕಲೇಶಪುರ ಕಡೆಯ ಹುಡುಗನೊಬ್ಬ ಅಯ್ಯೋ ಪಾಪ ಎನ್ನುವ ಬದಲು, "ನಮ್ಮ ಊರಲ್ಲಾಗಿದ್ದರೆ ಇಷ್ಟಕ್ಕೆ ಒಂದು ಬಟ್ಟಲು ಚಟ್ನಿ ಆಗುತ್ತಿತ್ತು" ಎಂದ.

ಮೊಳೆಗಿಂತ ಕೆಟ್ಟದ್ದು ದೀಪದ ಸರ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಊರು ಝಗಮಗಿಸುವುದು ಎಲ್ಲರಿಗೂ ಸಂತೋಷ, ನನಗೂ. ಹಬ್ಬ ಮುಗಿದ ಮೇಲೆ ಬಲ್ಬಿನ ಸರ ಬಿಚ್ಚಿಕೊಂಡು ಹೋಗುವವರು ಅದನ್ನು ಬಿಗಿದಿದ್ದ ಕಟ್ಟುತಂತಿಯನ್ನು ಮಾತ್ರ ಬಿಟ್ಟು ಹೋಗುತ್ತಾರೆ. ಸಣ್ಣ ತಂತಿ, ದೂರಕ್ಕೆ ಕಾಣುವುದಿಲ್ಲ. ಎಳೆಯ ಸಂಪಿಗೆಯ ಕಾಂಡಕ್ಕೆ ಒಂದೆರಡು ಮಳೆಗಾಲ ಸಾಕು, ಪೂರ್ತಿ ಸುತ್ತು ಒಳಗೆ ಕೊಯ್ದುಬಿಡುತ್ತದೆ. ಕೈಯಿಂದ ಕಾಂಡ ಸವರುತ್ತಾ ಹೋದರೆ ಬೆರಳಿಗೆ ಮೊದಲು ಸಿಗುತ್ತದೆ, ಕಣ್ಣಿಗೆ ಆಮೇಲೆ. ಒಂದು ಸಣ್ಣ ಕಟಿಂಗ್ ಪ್ಲೇಯರ್ ಜೇಬಿನಲ್ಲಿದ್ದರೆ ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಸಿಮೆಂಟು

ಮನೆಯ ಮುಂದೆ ಕೆಸರಾಗದಿರಲಿ ಎಂದು ಕಾಂಡಕ್ಕೆ ತಾಗುವವರೆಗೆ ಕಾಂಕ್ರೀಟು ಹಾಕಿಸುವುದು ಇಲ್ಲಿ ವಾಡಿಕೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ವಿಷಯದಲ್ಲಿ, ಬುಡದ ಸುತ್ತ ಒಂದು ಮೀಟರ್ ಜಾಗದಲ್ಲಿರುವ ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿತ್ತು. ನಾವೂ ಆ ಒಂದು ಮೀಟರನ್ನೇ ಗುರಿಯಾಗಿ ಇಟ್ಟುಕೊಂಡೆವು. ಎಲ್ಲ ಕಡೆ ಸಿಗಲಿಲ್ಲ. ಗೇಟಿನ ಇಳಿಜಾರು ಇರುವಲ್ಲಿ ಒಂದು ಮೊಳಕ್ಕೆ ಒಪ್ಪಿಕೊಂಡೆವು.

ಇಂಟರ್‌ಲಾಕ್ ಟೈಲ್ಸ್ ಇದ್ದರೆ ಕಷ್ಟವಿಲ್ಲ. ಒಂದನ್ನು ಎಬ್ಬಿಸಿದರೆ ಉಳಿದವು ಕೈಯಲ್ಲೇ ಬರುತ್ತವೆ. ಗಟ್ಟಿ ಕಾಂಕ್ರೀಟಿಗೆ ಬ್ರೇಕರ್ ಯಂತ್ರ ಬಾಡಿಗೆಗೆ ಸಿಗುತ್ತದೆ, ಅರ್ಧ ಗಂಟೆಯ ಕೆಲಸ. ಆದರೆ ಆಹಾರ ಹೀರುವ ಸಣ್ಣ ಬೇರುಗಳೆಲ್ಲ ಗಾಳಿ ಹುಡುಕಿಕೊಂಡು ಆ ಚಪ್ಪಡಿಯ ಅಡಿಯಲ್ಲೇ ಹರಡಿರುತ್ತವೆ. ಯಂತ್ರದ ಮೂತಿ ಕಾಂಕ್ರೀಟು ಎಲ್ಲಿ ಮುಗಿಯಿತು, ಬೇರು ಎಲ್ಲಿ ಶುರುವಾಯಿತು ಎಂದು ಕೇಳುವುದಿಲ್ಲ. ಆದ್ದರಿಂದ ಚಾಣ, ಸುತ್ತಿಗೆ. ಹೊರಗಿನ ಗೆರೆಯಿಂದ ಒಡೆಯುತ್ತಾ ಬುಡದ ಕಡೆ ಬರುವುದು, ತುಂಡುಗಳನ್ನು ಮೀಟದೆ ಎತ್ತುವುದು. ಒಂದು ಆಕಾಶಮಲ್ಲಿಗೆಯ ಬುಡದಲ್ಲಿ ಚಪ್ಪಡಿ ಎತ್ತಿದಾಗ ಅದರ ಅಡಿಗೆ ಹೆಬ್ಬೆರಳು ಗಾತ್ರದ ಬೇರುಗಳು ಚಪ್ಪಟೆಯಾಗಿ ಅಂಟಿಕೊಂಡಿದ್ದವು. ಸಿಮೆಂಟಿನ ಅಡಿಮೈಯ ಗೆರೆಗಳ ಅಚ್ಚು ಬೇರಿನ ತೊಗಟೆಯ ಮೇಲೆ ಹಾಗೆಯೇ ಮೂಡಿತ್ತು.

ತೆರೆದ ಜಾಗಕ್ಕೆ ಮಣ್ಣು ಗುಡ್ಡೆ ಹಾಕುವ ಉತ್ಸಾಹ ಎಲ್ಲರಿಗೂ ಬರುತ್ತದೆ. ತಡೆಯಬೇಕು. ಕಾಂಡ ಅಗಲವಾಗಿ ಬೇರಾಗುವ ಜಾಗ ಗಾಳಿಗೆ ತೆರೆದಿರಬೇಕು, ಅಲ್ಲಿ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಎರಡು ಬೆರಳಷ್ಟು ಕೊಟ್ಟಿಗೆ ಗೊಬ್ಬರ ಬೆರೆಸಿದ ಕೆಮ್ಮಣ್ಣು ಹರಡಿ, ಅದರ ಮೇಲೆ ಕಾಫಿ ಸಿಪ್ಪೆ ಹೊದಿಸಿದೆವು. ನಮ್ಮ ಜಿಲ್ಲೆಯಲ್ಲಿ ಕಾಫಿ ಕ್ಯೂರಿಂಗ್ ಕೆಲಸ ಇರುವವರೆಗೆ ಇದಕ್ಕೆ ಬರವಿಲ್ಲ. ಆಟೊ ಬಾಡಿಗೆಯಷ್ಟೇ ಖರ್ಚು, ನಮಗೆ ಅದೂ ಇಲ್ಲ. ಸಿಪ್ಪೆ ಹಳೆಯದಾಗಿ ಒಣಗಿರಲಿ, ಕಾಂಡದಿಂದ ಒಂದು ಗೇಣು ದೂರವಿರಲಿ.

ಗುಂಡಿ

ಇಷ್ಟಾದ ಮೇಲೆ ನೆಡುವ ಮಾತು. ಜೂನ್ 5ರ ಪರಿಸರ ದಿನಕ್ಕೇ ನೆಡಬೇಕೆಂದು ಒತ್ತಾಯ ಬಂತು. ಅದು ರೋಹಿಣಿ ಮಳೆಯ ಕೊನೆ. ಒಂದು ಮಳೆ ಬಿದ್ದರೆ ಮೇಲಿನ ನಾಲ್ಕು ಬೆರಳು ತೇವ, ಕೆಳಗೆ ಬೇಸಿಗೆಯ ಬಿಸಿ ಹಾಗೇ ಇರುತ್ತದೆ. ನಾವು ಆರಿದ್ರಾ ಮಳೆಗೆ ಕಾದೆವು. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಶಿ ವನಮಹೋತ್ಸವ ಆರಂಭಿಸಿದಾಗ ಅದು ಜುಲೈ ಮೊದಲ ವಾರಕ್ಕೆ ನಿಂತದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ವನಮಹೋತ್ಸವದ ಪ್ರತಿ ಭಾಷಣಕ್ಕೂ ಸಾಲುಮರ ನೆಡಿಸಿದ ಅಶೋಕ ಚಕ್ರವರ್ತಿ ಬರುತ್ತಾನೆ. ಮಾರ್ಚ್ ತಿಂಗಳಲ್ಲಿ ನೀರಿನ ಕ್ಯಾನು ಹಿಡಿದು ಬರುವವರು ಕಡಿಮೆ.

ಗುಂಡಿ ಎರಡು ಅಡಿ ಉದ್ದ, ಅಗಲ, ಆಳ. ಪುಸ್ತಕದಲ್ಲಿ ಒಂದು ಸಾಲು, ರಸ್ತೆ ಬದಿಯಲ್ಲಿ ಅರ್ಧ ದಿನ. ಮಣ್ಣಿಗಿಂತ ಇಟ್ಟಿಗೆ ಚೂರು, ಜಲ್ಲಿ, ಟೈಲ್ಸ್ ತುಂಡು, ಗುಟ್ಕಾ ಪೊಟ್ಟಣವೇ ಹೆಚ್ಚು ಸಿಗುತ್ತದೆ. ಹಾರೆ ಹಾಕುವ ಮೊದಲು ನೀರುಗಂಟಿಯನ್ನು ಕರೆತಂದು ಮನೆಮನೆಯ ನಲ್ಲಿ ಪೈಪು ಎಲ್ಲಿ ಹೋಗಿದೆ ಎಂದು ಸುಣ್ಣದಲ್ಲಿ ಗೆರೆ ಎಳೆಸಿದೆವು. ಯಾವ ನಕ್ಷೆಯಲ್ಲೂ ಇಲ್ಲದ ಮಾಹಿತಿ ಅವರ ತಲೆಯಲ್ಲಿದೆ. ಗುಂಡಿ ತೋಡಿದ ಸಂಜೆ ನೀರು ತುಂಬಿಸಿ, ಬೆಳಿಗ್ಗೆ ನೋಡಬೇಕು. ನೀರು ನಿಂತೇ ಇದ್ದರೆ ತಳ ಗಟ್ಟಿಯಾಗಿದೆ ಎಂದರ್ಥ, ಹಾರೆಯಿಂದ ತಳದಲ್ಲಿ ತೂತು ಹೊಡೆದು ಬಿಡಬೇಕು. ಇಲ್ಲದಿದ್ದರೆ ಪುನರ್ವಸು ಮಳೆಗೇ ಸಸಿ ಮುಳುಗುತ್ತದೆ.

ಹಿಂದೆ ಸಸಿ ನೆಟ್ಟು ಸತ್ತುಹೋದ ಜಾಗದಲ್ಲೇ ಒಂದು ಗುಂಡಿ ತೋಡಬೇಕಾಯಿತು. ಒಂದು ಅಡಿ ಆಳದಲ್ಲಿ ಹಾರೆಗೆ ಮೆತ್ತಗೆ ಏನೋ ತಗುಲಿತು. ತೆಗೆದು ನೋಡಿದರೆ ನರ್ಸರಿಯ ಕಪ್ಪು ಪಾಲಿಥೀನ್ ಚೀಲ, ಹರಿಯದೆ ಹಾಗೆಯೇ. ಒಳಗೆ ಬೇರುಗಳು ಹೊರಹೋಗಲು ದಾರಿಯಿಲ್ಲದೆ ಒಂದರ ಮೇಲೊಂದು ಸುತ್ತಿ ಸುತ್ತಿ ಚೀಲದ ಆಕಾರಕ್ಕೇ ಬಂದಿದ್ದವು. ಮೇಲೆ ಗಾರ್ಡ್, ಕೆಳಗೆ ಚೀಲ. ಅಂಗನವಾಡಿ ಅಕ್ಕ ಅದನ್ನು ತೊಳೆದು ತಮ್ಮ ಕೇಂದ್ರದಲ್ಲಿ ಇಟ್ಟುಕೊಂಡಿದ್ದಾರೆ, ನೆಡಲು ಬರುವವರಿಗೆ ಮೊದಲು ತೋರಿಸುತ್ತಾರೆ.

ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಬೇಕು. ಸುತ್ತಿಕೊಂಡ ಬೇರು ಕಂಡರೆ ಬೇರುಮುದ್ದೆಯ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಗೆ ತೆಳುವಾಗಿ ಗೀರಬೇಕು. ಬೇರು ಹೊಸದಾಗಿ ಹೊರಕ್ಕೆ ಒಡೆಯುತ್ತದೆ. ಗುಂಡಿಗೆ ಅಗೆದ ಮಣ್ಣಿನಲ್ಲಿ ಕಲ್ಲು ಆರಿಸಿ, ಮೂರನೇ ಒಂದು ಭಾಗ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಎರಡು ಹಿಡಿ ಬೇವಿನ ಹಿಂಡಿ. ತಂತಿಯ ಕೆಳಗೆ ರತ್ನಗಂಧಿ, ದೇವಗಣಗಿಲೆ. ತಂತಿ ಇಲ್ಲದ ಬದಿಗೆ ಹೊಂಗೆ, ಹೊಳೆದಾಸವಾಳ, ಸಂಪಿಗೆ. ನೇರಳೆಗೆ ಮಹಿಳೆಯರ ಬೆಂಬಲ, ಬೈಕಿನವರ ವಿರೋಧ: ಹಣ್ಣು ಬಿದ್ದು ರಸ್ತೆ ಜಾರುತ್ತದೆಂಬ ಅವರ ಮಾತು ಸುಳ್ಳಲ್ಲ. ಕೊನೆಗೆ ನೇರಳೆ ಪಾರ್ಕಿನ ಒಳಗೆ ಹೋಯಿತು. ಸಿಲ್ವರ್ ಓಕ್ ಉಚಿತವಾಗಿ ಕೊಡಲು ಬಂದವರಿಗೆ ಕೈಮುಗಿದು ಬೇಡವೆಂದೆವು. ತೋಟದಲ್ಲಿ ಮೆಣಸಿನ ಬಳ್ಳಿಗೆ ಅದು ಒಳ್ಳೆಯ ಆಸರೆ, ಗಾಳಿಗೆ ಕೊಂಬೆ ಮುರಿದರೆ ರಸ್ತೆಯಲ್ಲಿ ನಿಂತ ಕಾರಿಗೆ ಅಲ್ಲ.

ಹೊಸ ಗಾರ್ಡ್

ಕೊಯ್ದು ತೆಗೆದ ಹಳೆಯ ಕಬ್ಬಿಣವೆಲ್ಲ ಗ್ರಿಲ್ ಅಂಗಡಿಯ ಹಿತ್ತಲಿನಲ್ಲಿ ರಾಶಿ ಬಿದ್ದಿತ್ತು. ಅದರ ಆಂಗಲ್‌ಗಳೇ ಹೊಸ ಗಾರ್ಡ್‌ನ ಕಾಲುಗಳಾದವು. ಹೊಸದಾಗಿ ಕೊಂಡದ್ದು ವೆಲ್ಡ್ ಮೆಶ್, ಕೀಲುಗಳು, ಸತು ಲೇಪಿಸಿದ (ಜಿಐ) ಬೋಲ್ಟು, ರೆಡ್ ಆಕ್ಸೈಡ್ ಬಣ್ಣ. ಅಡ್ಡಳತೆ ಎರಡು ಅಡಿ, ನೆಲದ ಮೇಲೆ ಐದು ಅಡಿ, ನೆಲದೊಳಗೆ ಒಂದು ಅಡಿ. ಮೇಕೆ ಹಿಂಗಾಲಿನ ಮೇಲೆ ನಿಂತರೆ ಎಷ್ಟು ಎಟುಕುತ್ತದೆ ಎಂದು ಒಂದು ಮೇಕೆಯನ್ನೇ ನಿಲ್ಲಿಸಿ ನೋಡಿಕೊಂಡ ಎತ್ತರ ಇದು. ಮುಖ್ಯ ಬದಲಾವಣೆ ಎಂದರೆ ಗಾರ್ಡ್ ಎರಡು ಅರ್ಧಗಳಾಗಿದೆ: ಒಂದು ಕಡೆ ಕೀಲು, ಇನ್ನೊಂದು ಕಡೆ ಮೂರು ಬೋಲ್ಟು. ಕಳೆ ಕೀಳಲು ತೆರೆಯಬಹುದು, ಕಾಂಡ ಬಲಿತ ಮೇಲೆ ಗ್ರೈಂಡರ್ ಇಲ್ಲದೆ ಬಿಚ್ಚಿ ಮುಂದಿನ ಸಸಿಗೆ ಒಯ್ಯಬಹುದು. ಬೋಲ್ಟಿಗೆ ಗ್ರೀಸು ಹಚ್ಚಿ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ.

ಸಸಿಯನ್ನು ಗಾರ್ಡ್‌ಗೆ ಕಟ್ಟುವುದಿಲ್ಲ. ಎರಡು ಬಿದಿರು ಗಳ ನೆಟ್ಟು, ಹಳೆಯ ಸೈಕಲ್ ಟ್ಯೂಬನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತುತ್ತೇವೆ. ಗಾಳಿಗೆ ಸ್ವಲ್ಪ ಅಲುಗಾಡಿದರೇ ಕಾಂಡ ಬಲಿಯುವುದು.

ದಾನಿಗಳ ಹೆಸರಿನ ಪ್ರಶ್ನೆ ಇದ್ದೇ ಇರುತ್ತದೆ. ಸಸಿಗಿಂತ ದೊಡ್ಡ ಫಲಕವಿದ್ದ ಗಾರ್ಡ್‌ಗಳನ್ನು ಆಗಷ್ಟೇ ಕೊಯ್ದವರು ನಾವು. ಮೇಷ್ಟ್ರು ಒಂದು ರಾಜಿ ಸೂತ್ರ ತಂದರು. ಅಂಗೈಯಗಲದ ತಗಡಿನಲ್ಲಿ ಮೇಲೆ ದೊಡ್ಡ ಅಕ್ಷರದಲ್ಲಿ "ಬಿಚ್ಚುವುದು: 2028 ಜೂನ್", ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು. ಹೆಸರು ಹಾಕಿಸಿಕೊಂಡವರೇ ಆ ದಿನ ಸ್ಪ್ಯಾನರ್ ಹಿಡಿದು ಬರಬೇಕು ಎಂಬುದು ಷರತ್ತು. ಒಬ್ಬರು, "ಅಷ್ಟು ದಿನ ನಾನು ಇರುತ್ತೇನೋ ಇಲ್ಲವೋ ಸಾರ್" ಎಂದರು. "ಮೊಮ್ಮಗನ ಹೆಸರು ಬರೆಸಿ" ಎಂದು ಗ್ರಿಲ್ ಅಂಗಡಿಯವರು ಅಲ್ಲೇ ಬಣ್ಣದ ಬ್ರಶ್ ಕೊಟ್ಟರು.

ನೀರು

ದಿನಕ್ಕೊಂದು ಚೆಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೊಮ್ಮೆ ಇಪ್ಪತ್ತು ಲೀಟರಿನ ಒಂದು ಕ್ಯಾನು, ನಿಧಾನವಾಗಿ. ಅದಕ್ಕಾಗಿ ನೆಡುವಾಗಲೇ ಎರಡು ಅಡಿ ಉದ್ದದ ಪಿವಿಸಿ ಪೈಪಿಗೆ ತೂತು ಕೊರೆದು, ಒಳಗೆ ಜಲ್ಲಿ ತುಂಬಿ, ಬೇರುಮುದ್ದೆಯ ಪಕ್ಕ ಓರೆಯಾಗಿ ಹೂತಿದ್ದೇವೆ. ನೀರು ಮೇಲೆ ಹರಿದು ಚರಂಡಿಗೆ ಹೋಗದೆ ನೇರ ಕೆಳಗಿಳಿಯುತ್ತದೆ. ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರನ್ನು ಬಳಸಿ ಎಂದು ಸಲಹೆ ಬಂತು. ಶುದ್ಧೀಕರಣದಲ್ಲಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಬೇಡವೆಂದೆವು. ಪ್ರತಿ ಸಸಿಗೂ ಎದುರಿನ ಒಂದು ಮನೆ ಅಥವಾ ಅಂಗಡಿ ಹೊಣೆ. ಬೇಸಿಗೆಯಲ್ಲಿ ಕೊಳಾಯಿ ಬಾರದ ವಾರ ಆಟೊದವರು ಕ್ಯಾನು ಹೊತ್ತು ಸುತ್ತು ಹಾಕುತ್ತಾರೆ.

ಹಳೆಯ ಮರಗಳ ಪಟ್ಟಿಯಲ್ಲಿ ಇನ್ನೂ ಬಗೆಹರಿಯದ್ದು ಬಟ್ಟೆ ಅಂಗಡಿಯೊಂದರ ಮುಂದಿನ ಹೊಂಗೆ. ಬೋರ್ಡು ಕಾಣುವುದಿಲ್ಲ, ಮರ ಹೋದರೆ ಒಳ್ಳೆಯದು ಎಂಬುದು ಮಾಲೀಕರ ಅಭಿಪ್ರಾಯ. ಬೋರ್ಡಿಗೆ ಅಡ್ಡ ಬರುವುದು ಕೆಳಗಿನ ಎರಡು ಕೊಂಬೆ ಮಾತ್ರ. ಅವುಗಳನ್ನಷ್ಟೇ ತೆಗೆಯಲು ಅನುಮತಿ ಕೇಳಿದ್ದೇವೆ. ಮೊದಲು ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗ ಕೊಯ್ತ, ಆಮೇಲೆ ಅದರ ಆಚೆಗೆ ಮೇಲಿನಿಂದ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿದ ಬಳೆಗೆ ತಾಗದಂತೆ. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸೀಳಿಕೊಂಡು ಹೋಗುವುದಿಲ್ಲ. ಮಾಲೀಕರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮಧ್ಯಾಹ್ನ ಅವರ ಗಿರಾಕಿಗಳ ಸ್ಕೂಟರುಗಳೆಲ್ಲ ಆ ಮರದ ನೆರಳಿನಲ್ಲೇ ಸಾಲಾಗಿ ನಿಲ್ಲುತ್ತವೆ. ಅದರ ಫೋಟೊ ತೆಗೆದು ಅನುಮತಿ ಅರ್ಜಿಯ ಜೊತೆ ಅವರಿಗೂ ಒಂದು ಪ್ರತಿ ಕೊಟ್ಟು ಬಂದಿದ್ದೇವೆ.